ಕ್ರಿಸ್ಟಲ್ ಪ್ಯಾಲೇಸಿನ ಅಗ್ಗದ ಪಶ್ಚಾತ್ತಾಪ

1857ರ ಅಕ್ಟೋಬರ್ 7ರಂದು, ರಾಣಿ ವಿಕ್ಟೋರಿಯಾಳ ಘೋಷಣೆಯಂತೆ, ಭಾರತದ ದಂಗೆಯ ನಿಮಿತ್ತ ಬ್ರಿಟನ್ ಉಪವಾಸ ಮಾಡಿ ಪ್ರಾರ್ಥಿಸಿತು. ಅಂದಿನ ಉಪದೇಶಗಳಲ್ಲಿ ಇಂದಿಗೂ ಹೆಸರಾಗಿರುವುದು ಚಾರ್ಲ್ಸ್ ಸ್ಪರ್ಜನ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಮಾಡಿದ್ದು. ಬೋಧಕನಿಗೆ 23 ವರ್ಷ, ಧ್ವನಿವರ್ಧಕವಿಲ್ಲದ ಕಾಲ, ಕೇಳುಗರು 23,654. ಈ ಅಂಕಿಯನ್ನು ಅವನ ಜೀವನಚರಿತ್ರೆಕಾರರು ಜಪಮಣಿಯಂತೆ ಎಣಿಸುತ್ತಾರೆ. ಅಷ್ಟು ಜನ ಕೇಳಿದ್ದೇನು ಎಂಬ ಪ್ರಶ್ನೆ ಬಂದಾಗ ಮಾತ್ರ ಅವಸರದಿಂದ ಮುಂದೆ ಸಾಗುತ್ತಾರೆ.

ಉಪದೇಶಕ್ಕೆ ಆಧಾರ ಮೀಕನ ಗ್ರಂಥದ ಆರನೆಯ ಅಧ್ಯಾಯ: ಬೀಳುವ ಬೆತ್ತದ ಮಾತನ್ನು ಕೇಳಿರಿ, ಅದನ್ನು ನೇಮಿಸಿದವನು ಯಾರೆಂದು ತಿಳಿಯಿರಿ. ಪೆಟ್ಟು ದೇವರದಾದರೆ ತಪ್ಪು ನಮ್ಮದು. ಈ ತರ್ಕವನ್ನು ಸ್ಪರ್ಜನ್ ಒಂದು ಗಳಿಗೆ ನಿಜವಾಗಿಯೂ ಅನುಸರಿಸುತ್ತಾನೆ. ಭಾರತದಲ್ಲಿನ ಆಡಳಿತದ ಪಾಪ ಘೋರವಾದದ್ದು, ಹಿಂಸೆಗೊಳಗಾದ ಪ್ರಜೆಗಳ ಕೂಗನ್ನೂ ಪದಚ್ಯುತ ರಾಜರ ಶಾಪವನ್ನೂ ಕೇಳಿದವರು ಇದನ್ನು ಮೊದಲೇ ಊಹಿಸಬಹುದಿತ್ತು ಎನ್ನುತ್ತಾನೆ. ಸರ್ಕಾರಿ ಪ್ರಾರ್ಥನೆಯ ದಿನ ಇಷ್ಟು ಹೇಳಲು ಧೈರ್ಯ ಬೇಕು, ಒಪ್ಪೋಣ. ಆದರೆ ಸಿಪಾಯಿಗಳ ಮಾತು ಬಂದೊಡನೆ ತಕ್ಕಡಿ ಬದಲಾಗುತ್ತದೆ. ಅವನ ಪ್ರಕಾರ ಇದು ರಾಷ್ಟ್ರವೊಂದರ ಬಂಡಾಯವಲ್ಲ. ತಾವಾಗಿಯೇ ನಿಷ್ಠೆಯ ಪ್ರಮಾಣ ಮಾಡಿದವರ ದ್ರೋಹ. ಆದ್ದರಿಂದ ಅವರು ಶತ್ರುಗಳಲ್ಲ, ಅಪರಾಧಿಗಳು. ಅವರಿಗೆ ಮರಣದಂಡನೆ ಕೊಟ್ಟರೆ ಅದು ಸೇಡಲ್ಲ, ನ್ಯಾಯ. ಪದಚ್ಯುತ ರಾಜರು ಇಲ್ಲಿ ಎಲ್ಲಿ ಹೋದರು? ಝಾನ್ಸಿಯ ರಾಣಿ ಯಾವ ಪಲ್ಟನ್ನಿನಲ್ಲಿ ಪ್ರಮಾಣ ಮಾಡಿದ್ದಳು? ಹಿಂದಿನ ವರ್ಷವಷ್ಟೇ ಈಸ್ಟ್ ಇಂಡಿಯಾ ಕಂಪನಿ ನುಂಗಿದ್ದ ಅವಧ್‌ನ ತಾಲ್ಲೂಕುದಾರರು ಯಾರ ಸಂಬಳ ಎಣಿಸಿಕೊಂಡಿದ್ದರು? ತಾನೇ ಕರೆತಂದ ಸಾಕ್ಷಿಗಳನ್ನು ತೀರ್ಪಿನ ಹೊತ್ತಿಗೆ ಬೋಧಕ ಹೊರಗೆ ಕಳಿಸುತ್ತಾನೆ. ಅಷ್ಟೇ ಅಲ್ಲ, ಹಿಂದೂ ಧರ್ಮವನ್ನು ಬಲವಂತವಾಗಿ ಅಡಗಿಸದೆ ಸಹಿಸಿಕೊಂಡದ್ದನ್ನೂ ಆಡಳಿತದ ಪಾಪಗಳ ಲೆಕ್ಕಕ್ಕೆ ಸೇರಿಸುತ್ತಾನೆ. ಪಶ್ಚಾತ್ತಾಪವೆಂದರೆ ಇನ್ನಷ್ಟು ಬಿಗಿಯಾಗಿ ಆಳುವುದು ಎಂದಾಯಿತು.

ಇದನ್ನು ಬರೀ ಸಾಮ್ರಾಜ್ಯಶಾಹಿಯ ದ್ವೇಷಭಾಷಣವೆಂದು ತಳ್ಳಿಹಾಕುವ ವಿಮರ್ಶಕರೊಂದಿಗೂ ನನಗೆ ತಕರಾರಿದೆ. ಅವರೂ ಅಭಿಮಾನಿಗಳಂತೆಯೇ ಅರ್ಧ ಓದಿದವರು. ಅಭಿಮಾನಿಗಳು ಆಡಳಿತವನ್ನು ಬೈದ ವಾಕ್ಯವನ್ನು ಎತ್ತಿ ಹಿಡಿದರೆ, ಇವರು ನೇಣಿನ ವಾಕ್ಯವನ್ನು ಎತ್ತಿ ಹಿಡಿಯುತ್ತಾರೆ. ಒಂದು ವಾಕ್ಯ ಇನ್ನೊಂದಕ್ಕೆ ದಾರಿ ಮಾಡಿಕೊಡುವುದು ಇಬ್ಬರಿಗೂ ಕಾಣುವುದಿಲ್ಲ. ತಪ್ಪೊಪ್ಪಿಗೆ ಆಗಿದೆ, ಮನಸ್ಸು ಹಗುರಾಗಿದೆ. ಇನ್ನು ಶಿಕ್ಷಿಸುವ ಕೈ ನಡುಗಬೇಕಾಗಿಲ್ಲ. ಶುದ್ಧ ದ್ವೇಷವಾಗಿದ್ದರೆ ಈ ಉಪದೇಶ ಇಷ್ಟು ಪರಿಣಾಮಕಾರಿಯಾಗುತ್ತಿರಲಿಲ್ಲ.

ಕಾನ್ಪುರದಲ್ಲಿ ಬಂಡುಕೋರರು ನಡೆಸಿದ ಬ್ರಿಟಿಷ್ ಹೆಂಗಸರು ಮಕ್ಕಳ ಹತ್ಯೆಯ ಸುದ್ದಿಯಿಂದ ಕುದಿಯುತ್ತಿದ್ದ ಸಭೆಯ ಮುಂದೆ ಇನ್ನೇನು ಹೇಳಲು ಸಾಧ್ಯವಿತ್ತು ಎಂದು ಕೇಳಬಹುದು. ಹೊಸದೇನನ್ನೂ ಹೇಳಬೇಕಿರಲಿಲ್ಲ, ಆಗಲೇ ಹೇಳಿದ್ದನ್ನು ಮರೆಯದಿದ್ದರೆ ಸಾಕಿತ್ತು. ಅಂದು ಸಂಗ್ರಹವಾದ ಹಣ ಬಂಡಾಯದಲ್ಲಿ ನೊಂದ ತಮ್ಮವರ ಪರಿಹಾರ ನಿಧಿಗೆ ಹೋಯಿತು. ಅದು ಸಹಜವೇ. ಆದರೆ ದೆಹಲಿ ಸೆಪ್ಟೆಂಬರ್‌ನಲ್ಲೇ ಬ್ರಿಟಿಷರ ಕೈಗೆ ಬಿದ್ದಿತ್ತು, ಬ್ರಿಟಿಷ್ ಅಧಿಕಾರಿ ಹಾಡ್ಸನ್ ಮೊಗಲ್ ಬಾದಶಹನ ಮಕ್ಕಳನ್ನು ಗುಂಡಿಟ್ಟು ಕೊಂದಿದ್ದ. ಆ ಸುದ್ದಿ ಇನ್ನೂ ಲಂಡನ್ ಮುಟ್ಟಿರಲಿಲ್ಲ. ಪ್ರಮಾಣ ಮುರಿದವರಿಗಷ್ಟೇ ಶಿಕ್ಷೆ ಎಂಬ ಮಾತು ಎಷ್ಟು ದಿನ ಬಾಳಿತು ಎಂಬುದಕ್ಕೆ ನಮ್ಮಲ್ಲೇ ಉತ್ತರವಿದೆ. ಮರುತಿಂಗಳೇ ಕರ್ನಾಟಕದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದರು. ಅವರು ಸಿಪಾಯಿಗಳಲ್ಲ, ಕಂಪನಿಗೆ ಪ್ರಮಾಣ ಮಾಡಿದವರೂ ಅಲ್ಲ. ಊರಿಗೆ ಬೆಂಕಿ ಬಿತ್ತು, ಸೆರೆಸಿಕ್ಕವರನ್ನು ಗಲ್ಲಿಗೇರಿಸಲಾಯಿತು.