ಟ್ರಿಗರ್ ರುಚಿ: ಬೋಲ್ಟ್ ರೈಫಲ್ ರಸಿಕರಿಗೊಂದು ಕೈಪಿಡಿ

ಅಕ್ಕಲಕೋಟೆಗೆ ಹೋದವರು ವಟವೃಕ್ಷ ಮಂದಿರದಲ್ಲಿ ಸ್ವಾಮಿ ಸಮರ್ಥರ ದರ್ಶನ ಮಾಡಿ, ಪ್ರಸಾದ ಉಂಡು, ಸೊಲ್ಲಾಪುರದ ಬಸ್ಸು ಹಿಡಿಯುವುದು ವಾಡಿಕೆ. ಇನ್ನೊಂದು ತಾಸು ಕೈಯಲ್ಲಿದ್ದರೆ ಭೋಸಲೆ ಸಂಸ್ಥಾನಿಕರ ಹೊಸ ಅರಮನೆಯ ಶಸ್ತ್ರಾಗಾರವನ್ನೂ ನೋಡಿ ಬನ್ನಿ. ಬಂದವರ ಕಣ್ಣು ಮೊದಲು ಕತ್ತಿಯ ಅಲಗಿನ ಮೇಲೆ, ಆಮೇಲೆ ಬಂದೂಕಿನ ನಳಿಗೆಯ ಮೇಲೆ ಬೀಳುತ್ತದೆ. ಬಂದೂಕಿನ ಹೊಟ್ಟೆಯ ಕೆಳಗೆ ಬಾಗಿ ನಿಂತ ಆ ಸಣ್ಣ ಉಕ್ಕಿನ ನಾಲಗೆಯನ್ನು, ಅಂದರೆ ಟ್ರಿಗರನ್ನು, ನಿಂತು ನೋಡುವವರು ಕಡಿಮೆ. ಮನುಷ್ಯನ ಮನಸ್ಸು ಯಂತ್ರಕ್ಕೆ ತಾಗುವುದು ಅಲ್ಲಿಯೇ. ಅದರ ಒಳ್ಳೆಯದು ಕೆಟ್ಟದ್ದನ್ನು ಗುರುತಿಸಲು ಕಲಿಯಬೇಕೆನ್ನುವವರಿಗೆ ಈ ಬರಹ.

ಒಳಗೆ ನಡೆಯುವುದೇನು?

ಬೋಲ್ಟ್ ರೈಫಲ್‌ನಲ್ಲಿ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ದೂಡಬೇಕು. ಹಾಗೆ ಮಾಡುವಾಗ ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಅದು ಮುಂದೆ ಚಿಮ್ಮದಂತೆ ತಡೆದು ನಿಲ್ಲಿಸುವ ಉಕ್ಕಿನ ತುಂಡಿಗೆ ಸಿಯರ್ ಎನ್ನುತ್ತಾರೆ. ಟ್ರಿಗರ್ ಮಾಡುವುದು ಒಂದೇ ಕೆಲಸ: ಸಿಯರನ್ನು ಜರುಗಿಸುವುದು. ಉಕ್ಕಿನ ಎರಡು ಅಂಚುಗಳು ಎಷ್ಟು ಆಳ ಕಚ್ಚಿಕೊಂಡಿವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೆಚ್ಚು ಕಚ್ಚಿದ್ದರೆ ರೈಫಲ್ ಕೈಜಾರಿ ಬಿದ್ದರೂ ಗುಂಡು ಹಾರುವುದಿಲ್ಲ, ಆದರೆ ಬೆರಳಿಗೆ ಒರಟು. ಕಡಿಮೆ ಕಚ್ಚಿದ್ದರೆ ಬೆರಳಿಗೆ ಹಿತ, ಆದರೆ ಒಂದು ಪೆಟ್ಟಿಗೇ ಸಿಡಿಯುವ ಅಪಾಯ.

ಸೈನ್ಯದ ರೈಫಲ್ ಮಾಡಿದವರು ಈ ಇಕ್ಕಟ್ಟನ್ನು ಜಾಣತನದಿಂದ ಬಿಡಿಸಿದರು. ಜರ್ಮನಿಯ 1898ರ ಮೌಸರ್ ಆಗಲಿ, ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಕಂಡ ತ್ರೀ ನಾಟ್ ತ್ರೀ ಲೀ ಎನ್‌ಫೀಲ್ಡ್ ಆಗಲಿ, ಎರಡರಲ್ಲೂ ಟ್ರಿಗರ್‌ನ ಮೇಲ್ತುದಿಗೆ ಎರಡು ಉಬ್ಬುಗಳಿವೆ. ಮೊದಲ ಉಬ್ಬು ಒತ್ತುವಾಗ ಬೆರಳು ಸಲೀಸಾಗಿ ದೂರ ಬರುತ್ತದೆ, ಸಿಯರ್‌ನ ಆಳವಾದ ಕಚ್ಚು ಬಹುಪಾಲು ಸರಿಯುತ್ತದೆ. ಎರಡನೆಯ ಉಬ್ಬು ತಾಗಿದ ಕೂಡಲೇ ಬೆರಳಿಗೆ ಗೋಡೆ ಸಿಕ್ಕಂತೆ ಆಗುತ್ತದೆ. ಅಲ್ಲಿಂದ ಮುಂದಿನ ಎಳೆತ ಗಿಡ್ಡ, ಆದರೆ ಗಟ್ಟಿ: ಎನ್‌ಫೀಲ್ಡಿನಲ್ಲಿ ಎರಡೂವರೆ ಕಿಲೊದ ಆಸುಪಾಸು. ಇದೇ ಎರಡು ಹಂತದ ಟ್ರಿಗರ್. ಕೆಸರಲ್ಲಿ ತೆವಳುವ ಸೈನಿಕನಿಗೆ ಭದ್ರತೆ, ಗುರಿಯಿಟ್ಟ ಗಳಿಗೆಯಲ್ಲಿ ಸ್ಪಷ್ಟತೆ, ಎರಡೂ ಒಂದರಲ್ಲೇ ದಕ್ಕಿದವು.

ಎನ್‌ಫೀಲ್ಡ್ ನಂಬರ್ 4ರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊದಲಿನ ಮಾದರಿಯಲ್ಲಿ ಟ್ರಿಗರನ್ನು ಕೆಳಗಿನ ಕಬ್ಬಿಣದ ಗಾರ್ಡಿಗೆ ಜೋಡಿಸಿದ್ದರು. ಗಾರ್ಡಿಗೂ ಸಿಯರ್‌ಗೂ ನಡುವೆ ಇರುವುದು ಕಟ್ಟಿಗೆ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಎಳೆತವೇ ಬದಲಾಗುತ್ತಿತ್ತು. 1949ರಲ್ಲಿ ಬಂದ ಮಾರ್ಕ್ 2ರಲ್ಲಿ ಟ್ರಿಗರನ್ನು ನೇರವಾಗಿ ರೈಫಲಿನ ಉಕ್ಕಿನ ಮೈಗೇ ತೂಗುಹಾಕಿದರು. ಟ್ರಿಗರ್‌ನ ಮೊದಲ ಗುಣ ಹಗುರತನವಲ್ಲ, ಪ್ರತಿ ಸಲವೂ ಒಂದೇ ಮಾತು ಆಡುವುದು. ನಾನು ಹೇಳಬೇಕಾದದ್ದರ ತಿರುಳು ಇಷ್ಟೇ.

ನಾಲ್ಕು ಗುಣಗಳು

ರುಚಿ ನೋಡಲು ಕೆಲವು ಮಾತುಗಳು ಬೇಕು. ಗೋಡೆ ಸಿಕ್ಕ ಮೇಲೂ ಟ್ರಿಗರ್ ಕೆರೆದುಕೊಂಡು ಸರಿದರೆ ಅದು ಕ್ರೀಪ್. ಸಿಯರ್ ಬಿಡುವ ಗಳಿಗೆ ಬ್ರೇಕ್. ಬಿಟ್ಟ ಮೇಲೂ ಬೆರಳು ಹಿಂದಕ್ಕೆ ಓಡಿದರೆ ಓವರ್‌ಟ್ರಾವೆಲ್. ಆ ಓಟಕ್ಕೆ ಗುಂಡು ನಳಿಗೆ ದಾಟುವ ಮುನ್ನವೇ ರೈಫಲ್ ಅಲುಗಬಹುದು. ನಾಲ್ಕನೆಯದು ತೂಕ, ಅಂದರೆ ಟ್ರಿಗರ್ ಎಳೆಯಲು ಬೇಕಾಗುವ ಬಲ. ಒಳ್ಳೆಯ ಬ್ರೇಕ್ ಸೊಲ್ಲಾಪುರದ ಖಡಕ್ ರೊಟ್ಟಿಯಂತೆ: ಒತ್ತಿದಾಗ ಬಾಗದೆ, ಎಳೆಯದೆ, ಒಮ್ಮೆಗೇ ಮುರಿಯಬೇಕು.

ಹೊಸಬರು ತೂಕವನ್ನೇ ಮೊದಲು ಕೇಳುತ್ತಾರೆ. ಅದನ್ನು ಕೊನೆಗೆ ಕೇಳಬೇಕು. ಎರಡು ಕಿಲೊದ ಟ್ರಿಗರ್ ಸ್ವಚ್ಛವಾಗಿ ಮುರಿದರೆ, ಕೆರೆಯುವ ಒಂದು ಕಿಲೊದ ಟ್ರಿಗರ್‌ಗಿಂತ ಅದರಲ್ಲೇ ಗುರಿ ಚೆನ್ನಾಗಿ ಕೂರುತ್ತದೆ.

ಬದಲಿ ಟ್ರಿಗರ್ ಆರಿಸುವಾಗ

ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದ ಹಳೆಯ ರೈಫಲ್‌ಗಳು ಅಮೆರಿಕದ ಬೇಟೆಗಾರರ ಕೈಸೇರಿದವು. ಅವಕ್ಕೆ ಬದಲಿ ಟ್ರಿಗರ್ ಮಾಡುತ್ತ 1946ರಲ್ಲಿ ಶುರುವಾದದ್ದು ಟಿಮ್ನಿ ಕಂಪನಿ. ಮುಂದೆ ಅಮೆರಿಕದ ಮರೀನ್ ಪಡೆ 1966ರಲ್ಲಿ ಎಂ40, ಭೂಸೇನೆ 1988ರಲ್ಲಿ ಎಂ24 ರೈಫಲನ್ನು ಸ್ನೈಪರ್‌ಗಳಿಗೆ ಕೊಟ್ಟವು. ಎರಡಕ್ಕೂ ಮೂಲ ರೆಮಿಂಗ್ಟನ್ 700. ಅದರ ಟ್ರಿಗರ್ ಇಡಿಯಾಗಿ ಒಂದು ಪೆಟ್ಟಿಗೆ, ಎರಡು ಪಿನ್ನುಗಳ ಮೇಲೆ ನಿಂತದ್ದು. ಹಾಗಾಗಿಯೇ ಅದಕ್ಕೆ ಬದಲಿ ಟ್ರಿಗರ್‌ಗಳ ಸಂತೆಯೇ ನೆರೆದಿದೆ. ಸೈನ್ಯದ ಮಾದರಿಯ ರೈಫಲ್ ಕಟ್ಟಿಸುವವರು ಆರಿಸುವ ಕ್ರಮವನ್ನು ನೋಡಿದರೆ ನಮಗೂ ವಿವೇಚನೆ ಬೆಳೆಯುತ್ತದೆ.

ಮೊದಲ ಪ್ರಶ್ನೆ, ಕೆಲಸ ಯಾವುದು? ಮೇಜಿನ ಮೇಲಿಟ್ಟು ನಿಧಾನವಾಗಿ ಹೊಡೆಯುವವರಿಗೆ ಒಂದೇ ಹಂತದ ಟ್ರಿಗರ್ ಸಾಕು. ಮಲಗಿ, ಕೂತು, ನಿಂತು, ಉಸಿರು ಏರಿದಾಗಲೂ ಹೊಡೆಯುವವರಿಗೆ ಎರಡು ಹಂತದ್ದೇ ಹಿತ. ಗೋಡೆ ಎಲ್ಲಿದೆಯೆಂದು ಬೆರಳಿಗೆ ಮುಂಚೆಯೇ ತಿಳಿದಿರುತ್ತದೆ. ಹಳೆಯ ಸೈನ್ಯದ ರೈಫಲ್‌ನ ಗುಣ ಉಳಿಯಬೇಕೆಂದರೂ ಅದೇ ಸರಿ. ಎರಡನೆಯದು ಸೇಫ್ಟಿ: ಅದು ಟ್ರಿಗರನ್ನು ಮಾತ್ರ ತಡೆಯುತ್ತದೆಯೇ, ಸಿಯರನ್ನೂ ತಡೆಯುತ್ತದೆಯೇ? ಸಿಯರನ್ನೂ ಹಿಡಿಯುವುದು ಮೇಲು. ಮೂರನೆಯದು, ಧೂಳು ಮತ್ತು ಚಳಿ ತಡೆಯುವ ಶಕ್ತಿ. ತೂಕ ಕೊನೆಗೆ.

ಹೆಸರಾಂತ ಕಾರ್ಖಾನೆಯ ಸರಕೆಂದು ಕಣ್ಣು ಮುಚ್ಚುವಂತಿಲ್ಲ. ಜೋಡಿಸುವಾಗ ಅಂಟು ಹೆಚ್ಚಾಯಿತೆಂಬ ಕಾರಣಕ್ಕೆ ರೆಮಿಂಗ್ಟನ್ ತನ್ನ ಎಕ್ಸ್‌ಮಾರ್ಕ್ ಪ್ರೊ ಟ್ರಿಗರ್‌ಗಳನ್ನು 2014ರ ಏಪ್ರಿಲ್‌ನಲ್ಲಿ ವಾಪಸ್ ಕರೆಸಿಕೊಂಡಿತು. ಅಂಚುಗಳ ಲೆಕ್ಕ ಅಷ್ಟು ನಾಜೂಕಿನದು.

ನಮ್ಮ ನೆಲದಲ್ಲಿ

ಇಲ್ಲಿ ಇದು ಅಂಗಡಿಯಿಂದ ತಂದು ಮನೆಯಲ್ಲಿ ಕೂಡಿಸುವ ಹವ್ಯಾಸವಲ್ಲ. 1959ರ ಶಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಶಸ್ತ್ರವೇ; ದುರಸ್ತಿಯ ವ್ಯವಹಾರಕ್ಕೂ ಲೈಸೆನ್ಸ್ ಬೇಕು. ಟ್ರಿಗರ್‌ಗೆ ಕೈ ಹಚ್ಚುವುದು ಲೈಸೆನ್ಸಿರುವ ಕುಶಲಕರ್ಮಿಯ ಕೆಲಸ. ಸಿಯರನ್ನು ಮನೆಯಲ್ಲಿ ಅರದಿಂದ ಉಜ್ಜುವುದು ಪ್ರಾಣಕ್ಕೇ ಎರವಾಗಬಹುದು.

ರಸಿಕನಿಗೆ ನಿಜವಾದ ಶಾಲೆ ಶೂಟಿಂಗ್ ರೇಂಜ್. ಮಹಾರಾಷ್ಟ್ರದ ಈ ತೆಂಕಣ ಭಾಗಕ್ಕೆ ಇದರಲ್ಲಿ ದೊಡ್ಡ ಹೆಸರಿದೆ. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್ಸ್‌ನಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದರು. ಆ ಸ್ಪರ್ಧೆಯ ರೈಫಲ್‌ಗೆ ಟ್ರಿಗರ್ ತೂಕದ ಕನಿಷ್ಠ ಮಿತಿಯೇ ಇಲ್ಲ. 300 ಮೀಟರಿನ ಸ್ಟ್ಯಾಂಡರ್ಡ್ ರೈಫಲ್‌ಗೆ ಮಾತ್ರ 1500 ಗ್ರಾಂ ಕಡ್ಡಾಯ. ತಪಾಸಣೆಯಲ್ಲಿ ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ಟ್ರಿಗರ್‌ಗೆ ಆ ತೂಕದ ಬಟ್ಟು ಸಿಕ್ಕಿಸಿ ಎತ್ತುತ್ತಾರೆ; ಟ್ರಿಗರ್ ಬಿಟ್ಟುಕೊಡದೆ ಬಟ್ಟು ಮೇಲೇಳಬೇಕು. ಸೈನ್ಯದ ಹಳೆಯ ಶಿಸ್ತು ಆಟದಲ್ಲಿ ಉಳಿದಿರುವುದು ಹೀಗೆ.

ಕಲಿಯುವ ಆಸೆಯಿದ್ದರೆ ಹತ್ತಿರದ ರೈಫಲ್ ಕ್ಲಬ್‌ಗೆ ಸೇರಿ, ಕೋಚ್ ಎದುರಿನಲ್ಲಿ 10 ಮೀಟರ್ ಏರ್ ರೈಫಲ್‌ನಿಂದ ಶುರುಮಾಡಿ. ಗುಂಡು ಹಾಕದೆ ಟ್ರಿಗರ್ ಎಳೆಯುವ ಅಭ್ಯಾಸವನ್ನೇ ಅವರು ಹೆಚ್ಚು ಮಾಡಿಸುತ್ತಾರೆ, ಬೇಸರ ಪಡಬೇಡಿ. ಗೋಡೆ ಎಲ್ಲಿ, ಬ್ರೇಕ್ ಎಲ್ಲಿ ಎಂದು ಬೆರಳಿಗೆ ಕಣ್ಣು ಬರುವುದು ಅದರಿಂದಲೇ. ಅದಾದ ಮೇಲೆ ಯಾವ ಟ್ರಿಗರ್ ಒಳ್ಳೆಯದೆಂದು ನೀವು ಕಂಪನಿಯ ಜಾಹೀರಾತನ್ನು ಕೇಳಬೇಕಾಗಿಲ್ಲ, ನಿಮ್ಮ ಬೆರಳೇ ಹೇಳುತ್ತದೆ.