ಮೌಸ್‌ನ ಕಥೆಗೆ ಒಬ್ಬನೇ ನಾಯಕನೇ?

ಯಾವುದೇ ಆವಿಷ್ಕಾರದ ಚರಿತ್ರೆಯಲ್ಲಿ 'ಪಿತಾಮಹ' ಎಂಬ ಪದ ಬಂದ ಕೂಡಲೇ ಉಳಿದವರೆಲ್ಲ ಪೋಷಕ ಪಾತ್ರಗಳಾಗಿಬಿಡುತ್ತಾರೆ. ಕಂಪ್ಯೂಟರ್ ಮೌಸ್‌ನ ಜನಪ್ರಿಯ ಕಥೆಯನ್ನೇ ನೋಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಅದನ್ನು ಲೋಕಕ್ಕೆ ತೋರಿಸಿದರು ಎಂಬಲ್ಲಿಗೆ ಅದು ಮುಗಿಯುತ್ತದೆ.

ಆ ಕಾಲದ ದಾಖಲೆಗಳನ್ನು ಸಾಹಿತ್ಯ ಪಠ್ಯಗಳಂತೆ ಓದಿದರೆ ಕಾಣುವುದೇ ಬೇರೆ. 1970ರಲ್ಲಿ ದೊರೆತ ಪೇಟೆಂಟಿನಲ್ಲಿ ಆವಿಷ್ಕಾರಕರಾಗಿ ಇರುವುದು ಎಂಗೆಲ್‌ಬಾರ್ಟ್ ಒಬ್ಬರ ಹೆಸರು. ಆದರೆ ಮೌಸನ್ನು ಲೈಟ್ ಪೆನ್, ಜಾಯ್‌ಸ್ಟಿಕ್ ಮುಂತಾದವುಗಳೊಂದಿಗೆ ಹೋಲಿಸಿ ಪರೀಕ್ಷಿಸಿದ 1967ರ ಪ್ರಬಂಧಕ್ಕೆ ಮೂವರು ಲೇಖಕರು. ಮೊದಲ ಹೆಸರು ಬಿಲ್ ಇಂಗ್ಲಿಷ್ ಅವರದು. ಎಂಗೆಲ್‌ಬಾರ್ಟ್ ಕಲ್ಪನೆಯನ್ನು ಮರದ ಕವಚ, ಎರಡು ಚಕ್ರಗಳಿರುವ ವಸ್ತುವಾಗಿ ಕಟ್ಟಿಕೊಟ್ಟ ಎಂಜಿನಿಯರ್ ಅವರೇ. 1968ರ ಪ್ರದರ್ಶನದ ತಾಂತ್ರಿಕ ವ್ಯವಸ್ಥೆಯನ್ನು ತೆರೆಮರೆಯಲ್ಲಿ ನಿಭಾಯಿಸಿದವರೂ ಅವರೇ. ಪೇಟೆಂಟು ಕಲ್ಪನೆಗೆ ಒಡೆಯನನ್ನು ಗುರುತಿಸಿತು, ವೇದಿಕೆ ಒಂದು ಮುಖವನ್ನು ಕೊಟ್ಟಿತು. ಕೆಲಸದ ಪಾಲನ್ನು ಹೇಳಿದ ಪ್ರಬಂಧ ಮಾತ್ರ ತಜ್ಞರಾಚೆಗೆ ದಾಟಲಿಲ್ಲ.

ಜರ್ಮನಿಯ ಕಥೆ ಇನ್ನೂ ತಡವಾಗಿ ಬೆಳಕಿಗೆ ಬಂತು. ಈ ಪ್ರದರ್ಶನಕ್ಕೆ ಎರಡು ತಿಂಗಳ ಮೊದಲೇ, ಅಂದರೆ 1968ರ ಅಕ್ಟೋಬರಿನಲ್ಲೇ, ಟೆಲಿಫುಂಕೆನ್ ಕಂಪನಿಯ ಪ್ರಚಾರಪತ್ರದಲ್ಲಿ 'ರೋಲ್‌ಕೂಗೆಲ್' ಕಾಣಿಸಿಕೊಂಡಿತ್ತು. ಹಾಗೆಂದರೆ ಉರುಳುಗುಂಡು. ವಿಮಾನ ಸಂಚಾರ ನಿಯಂತ್ರಣದಲ್ಲಿ ಮೇಜಿಗೆ ಹುದುಗಿಸುತ್ತಿದ್ದ ಗುಂಡನ್ನು ರೈನರ್ ಮಾಲೆಬ್ರೈನ್ ತಲೆಕೆಳಗು ಮಾಡಿ ಕೈಯಡಿಗೆ ತಂದಿದ್ದರು. ಅಂಥ ಗುಂಡಿಗೂ ಪೂರ್ವಿಕರಿದ್ದರು: 1950ರ ದಶಕದ ಆರಂಭದಲ್ಲಿ ಕೆನಡಾದ ನೌಕಾಪಡೆಯ ಯೋಜನೆಯೊಂದರಲ್ಲಿ ಎಂಜಿನಿಯರುಗಳು ಬೌಲಿಂಗ್ ಆಟದ ಚೆಂಡನ್ನೇ ಇದಕ್ಕೆ ಬಳಸಿದ್ದರು.

ಹಾಗಾದರೆ ನಿಜವಾದ ಜನಕ ಮಾಲೆಬ್ರೈನ್ ಎನ್ನಬೇಕೆ? ಹಾಗೆ ಬರೆಯುವವರೂ ಇದ್ದಾರೆ. ನನ್ನ ತಕರಾರು ಅಲ್ಲೇ ಇದೆ. ನಾಯಕನ ಕುರ್ಚಿಯನ್ನು ಹಾಗೇ ಬಿಟ್ಟು, ಕೂತವರನ್ನಷ್ಟೇ ಬದಲಾಯಿಸಿದರೆ ಕಥೆಯ ರಚನೆ ಕದಲುವುದಿಲ್ಲ. ಇಂಗ್ಲಿಷ್ ಮೊದಲ ಮಾದರಿಯನ್ನು ಕಟ್ಟಿದ್ದು 1960ರ ದಶಕದ ನಡುವಿನಲ್ಲೇ. ಊಹಿಸಿದವರು, ಕಟ್ಟಿದವರು, ಮಾರಿದವರು, ತೋರಿಸಿದವರು — 'ಮೊದಲು' ಎಂಬ ಮಾತು ಇವರಲ್ಲಿ ಯಾರಿಗೆ ಸಲ್ಲುತ್ತದೆಂಬುದು ನಾವು ಏನನ್ನು ಎಣಿಸುತ್ತೇವೆ ಎಂಬುದರ ಮೇಲೆ ನಿಂತಿದೆ.

ಈ ಓದಿನಿಂದ ಎಂಗೆಲ್‌ಬಾರ್ಟ್ ಚಿಕ್ಕವರಾಗುವುದಿಲ್ಲ. ಅವರ ಮುಖ್ಯ ಹಂಬಲ ಮೌಸ್ ಆಗಿರಲೇ ಇಲ್ಲ. ಕಂಪ್ಯೂಟರಿನ ನೆರವಿನಿಂದ ಜನ ಒಟ್ಟಾಗಿ ಯೋಚಿಸುವಂತಾಗಬೇಕು ಎಂಬುದಾಗಿತ್ತು. ಅಂಥವರನ್ನು ಒಂಟಿ ಆವಿಷ್ಕಾರಕನನ್ನಾಗಿ ಮಾಡಿದ ಕಥೆ, ತೆರೆಮರೆಯಲ್ಲಿದ್ದವರ ಜೊತೆಗೆ ಅವರನ್ನೂ ಮರೆತಿದೆ.