ಪರ್ಯಾಪ್ತ ಮನುಷ್ಯಸಂಖ್ಯೆಯ ಗಾಹೆ: ಪಾಠಶುದ್ಧಿಯ ವಿಚಾರ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಇಪ್ಪತ್ತೊಂಬತ್ತು ಅಕ್ಷರಗಳಲ್ಲಿ ಅಡಗಿಸಿ ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಕಟಪಯಾದಿ ಕ್ರಮದಿಂದ ಅಕ್ಷರಗಳಿಗೆ ಅಂಕಗಳನ್ನಿಟ್ಟು ವಾಮಗತಿಯಿಂದ ಓದಿದರೆ 79228162514264337593543950336 ಎಂಬ ಸಂಖ್ಯೆ ದೊರೆಯುತ್ತದೆ. ದ್ವಿರೂಪವರ್ಗಧಾರೆಯ ಐದನೆಯ ವರ್ಗವಾದ ಬಾದಾಲವನ್ನು (4294967296) ಆರನೆಯ ವರ್ಗವಾದ ಏಕಟ್ಠಿಯಿಂದ (18446744073709551616) ಗುಣಿಸಿದಾಗ ಬರುವ ಲಬ್ಧವೂ ಇದೇ. ಏಕಟ್ಠಿಯು ಬಾದಾಲದ ವರ್ಗವಾದುದರಿಂದ ಈ ಸಂಖ್ಯೆಯು ಬಾದಾಲದ ಘನ; ಇದರ ಅರ್ಧಚ್ಛೇದಗಳು 96.

ಸ್ವರಗಳಿಗೆ ಬೆಲೆಯಿಲ್ಲದಿರುವುದರಿಂದ ಹ್ರಸ್ವದೀರ್ಘಗಳ ವ್ಯತ್ಯಾಸವು ಸಂಖ್ಯೆಯನ್ನು ಕೆಡಿಸದು. ವ್ಯಂಜನಗಳ ವಿಷಯ ಹಾಗಲ್ಲ. ಸಂಸ್ಕೃತದ ಅಭ್ಯಾಸಬಲದಿಂದ ‘ಸಿಲಾ’ ಎಂಬುದನ್ನು ‘ಶಿಲಾ’ ಎಂದು ತಿದ್ದಿದರೆ 7ರ ಸ್ಥಾನದಲ್ಲಿ 5 ಬರುತ್ತದೆ. ‘ಮಧುಗ’ವು ‘ಮಧುಕ’ವಾದರೆ 3 ಹೋಗಿ 1 ಆಗುತ್ತದೆ. ‘ಝಸ’ವನ್ನು ‘ಝಷ’ವೆಂದರೆ ಅಗ್ರಸ್ಥಾನದ 7ಕ್ಕೆ 6 ಬಂದು, ಕೋಟಿಯ ನಾಲ್ಕನೆಯ ಘಾತದಷ್ಟು ಸಂಖ್ಯೆಯೇ ಲೋಪವಾಗುತ್ತದೆ. ಕನ್ನಡ ಓಲೆಗರಿಗಳಲ್ಲಿ ಕಂಡುಬರುವ ಧಕಾರ-ದಕಾರಗಳ ಸಂಕರವು 9ನ್ನು 8 ಮಾಡುತ್ತದೆ. ಆದುದರಿಂದ ಇಲ್ಲಿ ಪ್ರಾಕೃತರೂಪಗಳನ್ನು ಕಾಯ್ದುಕೊಳ್ಳುವುದು ಅರ್ಥರಕ್ಷಣೆಯೇ ಆಗಿದೆ.

ಪಾಠಪರೀಕ್ಷೆಗೆ ಸಂಖ್ಯೆಯ ಗುಣಗಳೇ ಸಾಧನ. ಅಂಕಗಳ ಮೊತ್ತ 127. ಒಂಬತ್ತರಿಂದ ಭಾಗಿಸಿದರೆ ಶೇಷ 1. ಎರಡರ ಆರನೆಯ ಘಾತವಾದ 64ಕ್ಕೂ ಶೇಷ 1 ಆಗಿದ್ದು, 96 ಆರರ ಗುಣಿತವಾದುದರಿಂದ ಹೀಗೆಯೇ ಬರಬೇಕು. ಅಕ್ಕಪಕ್ಕದ ಅಕ್ಷರಗಳು ಸ್ಥಾನ ಬದಲಿಸಿದ್ದರೆ ಈ ಪರೀಕ್ಷೆಗೆ ತಿಳಿಯದು. ಅದಕ್ಕೆ ಬಲದಿಂದ ಎಣಿಸಿ ವಿಷಮಸ್ಥಾನಗಳ ಮೊತ್ತದಿಂದ (79) ಸಮಸ್ಥಾನಗಳ ಮೊತ್ತವನ್ನು (48) ಕಳೆಯಬೇಕು. ಉಳಿಯುವ 31ನ್ನು ಹನ್ನೊಂದರಿಂದ ಭಾಗಿಸಿದರೆ ಶೇಷ 9. 64ಕ್ಕೂ ಅದೇ ಶೇಷ. ಎರಡರ ಹತ್ತನೆಯ ಘಾತಕ್ಕೆ ಶೇಷ 1 ಆದುದರಿಂದ 96ನೆಯ ಘಾತಕ್ಕೂ ಆರನೆಯ ಘಾತಕ್ಕೂ ಶೇಷಭೇದವಿಲ್ಲ. ತೊಂಬತ್ತಾರು ಸಲ ಅರ್ಧಿಸಿ 1ನ್ನು ಪಡೆಯುವುದೇ ಅಂತಿಮ ಪ್ರಮಾಣ.

ಇಷ್ಟು ಶುದ್ಧವಾದ ಪಾಠವೂ ಒಂದು ವಿರೋಧವನ್ನು ಪರಿಹರಿಸುವುದಿಲ್ಲ. ಷಟ್ಖಂಡಾಗಮದ ದ್ರವ್ಯಪ್ರಮಾಣಾನುಗಮವು ಪರ್ಯಾಪ್ತ ಮನುಷ್ಯ ಮಿಥ್ಯಾದೃಷ್ಟಿಗಳನ್ನು ಆರನೆಯ ವರ್ಗದ ಮೇಲೆ, ಏಳನೆಯದರ ಕೆಳಗೆ ಇರಿಸುತ್ತದೆ; ಗಾಹೆಯ ಸಂಖ್ಯೆ ಇದಕ್ಕೆ ಹೊಂದುತ್ತದೆ. ಆದರೆ ಅದೇ ಸೂತ್ರವು ಹೇಳುವ ಇನ್ನೊಂದು ಮೇರೆ ಕೋಟಿಯ ನಾಲ್ಕನೆಯ ಘಾತ. ಅದಕ್ಕೂ ಸ್ಥಾನಗಳು ಇಪ್ಪತ್ತೊಂಬತ್ತೇ. ಸ್ಥಾನಸಾಮ್ಯವನ್ನು ಕಂಡು ಅವಿರೋಧವೆಂದು ಭಾವಿಸುವುದು ಸುಲಭವಾದರೂ, ಗಾಹೆಯ ಸಂಖ್ಯೆ ಆ ಮೇರೆಯ ಸುಮಾರು ಎಂಟು ಪಾಲು. ಉಳಿದ ಗುಣಸ್ಥಾನದವರನ್ನು ಕಳೆದರೂ ಈ ಅಂತರ ತುಂಬದು.

ವೀರಸೇನಾಚಾರ್ಯರು ಇದನ್ನು ಬಲ್ಲರು. ಧವಲೆಯಲ್ಲಿ ಅವರು ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನು ಗಣಿಸಿ, ಅಷ್ಟು ಮನುಷ್ಯರು ಅಲ್ಲಿ ಹಿಡಿಯಲಾರರೆಂದು ದೊಡ್ಡ ಸಂಖ್ಯೆಯನ್ನು ನಿರಾಕರಿಸಿದರು. ಅವರು ನೇಮಿಚಂದ್ರರಿಗಿಂತ ಪೂರ್ವದವರು. ಶ್ವೇತಾಂಬರ ಅನುಯೋಗದ್ವಾರದಲ್ಲಿಯೂ 96 ಛೇದನಕಗಳ ಉಲ್ಲೇಖವಿದೆ. ಹೀಗಿರುವಾಗ ಈ ಭೇದವನ್ನು ಲಿಪಿಕಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಎರಡು ಪರಂಪರೆಗಳನ್ನು ಹೊಂದಿಸುವ ಆಸೆಯಿಂದ ಗಾಹೆಯ ಅಕ್ಷರವನ್ನಾಗಲಿ ಸೂತ್ರದ ಕೋಟಿಗಳನ್ನಾಗಲಿ ಸಂಪಾದಕರು ಮುಟ್ಟಬಾರದು. ಎರಡನ್ನೂ ಇದ್ದಂತೆಯೇ ಅಚ್ಚಿಸಿ, ವಿರೋಧವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವುದು ಶಾಸ್ತ್ರಸಮ್ಮತವಾದ ಮಾರ್ಗ.